ಗಾಲಿ ಕನ್ನಡಕ

ಮಾರಪ್ಪ ತನ್ನ ಅಣ್ಣ ಓಬಳಪ್ಪನ ಕಿವಿಯ ಮೇಲಿಂದ ಕನ್ನಡಕದ ಕಡ್ಡಿ ಬಿಡಿಸಲು ಹೋಗಿ ಸ್ವಲ್ಪ ಜೋರಾಗಿಯೇ ಎಳೆದ. ಕಡ್ಡಿಗೆ ಅಂಟಿಕೊಂಡಿದ್ದ ಸಣ್ಣ ನಳಿಕೆ ಕಿತ್ತು ಬಂತು. ಒಳಗಿದ್ದ ಎಣ್ಣೆ ಮೆಲ್ಲಗೆ ಜಿನುಗಿ ಓಬಳಪ್ಪನ ಎಡಗೆನ್ನೆಯ ಮೇಲೆ ಇಳಿಯಿತು.

“ಅಯ್ಯಯ್ಯೋ, ಇಲ್ನೋಡ್ರೇ! ಓಬಳಣ್ಣ ಅಳ್ತಾ ಅದಾನೆ!” ಹಿತ್ತಲ ಬಾಗಿಲಲ್ಲಿ ಬಿಸಿನೀರಿನ ಕೊಡ ಹಿಡಿದು ನಿಂತಿದ್ದ ಪಕ್ಕದ ಮನೆಯ ವಿಜಯಶ್ರೀ ಕೂಗಿಕೊಂಡಳು. ಆ ಕೂಗಿಗೆ ನಾಲ್ಕು ಹೆಂಗಸರು ಓಡಿ ಬಂದು ನಾಲ್ಕು ಬಗೆಯಲ್ಲಿ ಗೋಳಾಡಿದರು.

“ಅದು ಗ್ಲಿಸರಿನ್,” ಎಂದಳು ಮಗಳು ದುರ್ಗಾಂಬಿಕಾ. “ಮೆಡಿಕಲ್ ಶಾಪಲ್ಲಿ ಸಿಗ್ತೈತೆ. ಒರೆಸ್ರಿ ಚಿಕ್ಕಪ್ಪ, ನೀರು ಆರ್ತಾ ಐತೆ.”

ಹೆಂಗಸರು ಮುಖ ಮುಖ ನೋಡಿಕೊಂಡರು. ಅಪ್ಪನ ಹೆಣದ ಮುಂದೆ ಮಗಳಾದವಳು ಆಡುವ ಮಾತೇ ಇದು? ಆದರೆ ಅವಳು ಅಪ್ಪನ ಜೊತೆ ಎರಡು ವರ್ಷದಿಂದ ಮಾತು ಬಿಟ್ಟಿದ್ದು ಬೀದಿಗೆಲ್ಲ ಗೊತ್ತಿದ್ದ ಸಂಗತಿ.

ಹೊನ್ನಾಳಿಯ ಬಸ್ ಸ್ಟ್ಯಾಂಡಿನ ಎದುರು ಮೂವತ್ತೈದು ವರ್ಷ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಓಬಳಪ್ಪ, ಹಿಂದಿನ ದಿನ ನ್ಯಾಮತಿಯ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಲ್ಲೇ ಸತ್ತಿದ್ದ. ತೊಡೆಯ ಮೇಲೆ ಒಂದು ಬಟ್ಟೆ ಚೀಲ ಇತ್ತು. ಹೊನ್ನಾಳಿ ಬಸ್ಸಿನ ಕಂಡಕ್ಟರ್ ಗುರುತಿನವನು. ಮುದುಕ ನಿದ್ದೆ ಹೋಗಿದ್ದಾನೆಂದು ಎರಡು ಸಲ ಕೂಗಿ ಕರೆದು, ಮೂರನೆಯ ಸಲ ಇಳಿದು ಬಂದು ಭುಜ ಅಲುಗಿಸಿದನಂತೆ. ಮೂಗಿನ ಮೇಲೆ ಓಬಳಪ್ಪನೇ ಕೈಯಾರೆ ಮಾಡಿದ ಕನ್ನಡಕ ಹಾಗೇ ಇತ್ತಂತೆ.

ಹೆಣದ ಜೊತೆ ಮನೆಗೆ ಬಂದ ಆ ಚೀಲವನ್ನು ದುರ್ಗಾಂಬಿಕಾ ಬಾಗಿಲ ಹಿಂದಕ್ಕೆ ಎಸೆದಿದ್ದಳು. ಬಿಚ್ಚಿ ನೋಡುವ ಅಗತ್ಯ ಅವಳಿಗೆ ಇರಲಿಲ್ಲ. ಮುಟ್ಟಿದರೆ ಸಾಕು, ಒಳಗೆ ಕನ್ನಡಕದ ಕಡ್ಡಿಗಳು ಒಂದಕ್ಕೊಂದು ತಾಗುವ ಸದ್ದು ಕೇಳುತ್ತಿತ್ತು. ಅವ್ವನ ಕಣ್ಣು ಹೋದ ಮೇಲೂ ಊರೂರು ಅಲೆದು ಅದನ್ನೇ ಮಾರುವ ಮನಸ್ಸಾದರೂ ಹೇಗೆ ಬಂತು ಈ ಮನುಷ್ಯನಿಗೆ ಎಂದು ಅವಳು ನಿನ್ನೆಯಿಂದ ಉರಿಯುತ್ತಿದ್ದಳು. ಅಳು ಬರದಿದ್ದುದಕ್ಕೆ ಆ ಉರಿಯೇ ಕಾರಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಮೈ ತೊಳೆದು, ಬಿಳಿ ಪಂಚೆ ಉಡಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ತಲೆ ವಾಲದಂತೆ ಗದ್ದದ ಕೆಳಗಿಂದ ಬಟ್ಟೆ ಕಟ್ಟಿದರು. ಜಗಳೂರಿನ ಕಡೆಯ ನೆಂಟರ ಟೆಂಪೊ ದಾವಣಗೆರೆ ದಾಟಿದೆ ಎಂದು ಫೋನು ಬಂತು. ಅವರು ಬಂದು ನೋಡಿದ ಮೇಲೆ ಮಣ್ಣಿಗೆ ಎತ್ತುವುದೆಂದು ಮಾರಪ್ಪ ತೀರ್ಮಾನ ಹೇಳಿದ. ಅವರ ಮನೆತನದಲ್ಲಿ ಒಂದು ಪದ್ಧತಿ ಉಂಟು. ಬಂದವರೆಲ್ಲ ನೋಡಿ ಮುಗಿದ ಮೇಲೆ ಕೊನೆಯಲ್ಲಿ ಹೆಂಡತಿ ಮುಖ ನೋಡಬೇಕು. ಅವಳು ನೋಡಿದ ಮೇಲೆ ಮುಖಕ್ಕೆ ಮುಸುಕು ಬೀಳುತ್ತದೆ. ಆಮೇಲೆ ಯಾರೇ ಬಂದರೂ ತೆಗೆಯುವಂತಿಲ್ಲ.

ಹೆಂಡತಿ ಗಾದ್ರಮ್ಮ ಒಳಮನೆಯಲ್ಲಿ ಗೋಡೆಗೆ ಆತು ಕೂತಿದ್ದಳು. ಬೆಳಕು ಯಾವ ಕಡೆ, ಕತ್ತಲು ಯಾವ ಕಡೆ ಎನ್ನುವಷ್ಟು ಮಾತ್ರ ಅವಳಿಗೆ ತಿಳಿಯುತ್ತಿತ್ತು. ಮಗಳ ಹೆಜ್ಜೆಯ ಸದ್ದು ಗುರುತು ಹಿಡಿದು ಕೈ ಚಾಚಿದಳು.

“ದುರ್ಗೀ, ನನ್ನ ಗಾಲಿ ಕನ್ನಡಕ ಕೊಡವ್ವ. ನಿಮ್ಮಪ್ಪನ ಮುಖ ನೋಡ್ಬೇಕು.”

“ಅದು ಒಡೆದು ಹೋಯ್ತು ಅಂತ ಆಗ್ಲೇ ಹೇಳಿಲ್ವಾ ಅವ್ವ.”

“ಹೇಳಿದ್ದಿ,” ಎಂದಳು ಗಾದ್ರಮ್ಮ. “ಮುಸುಕು ಹಾಕೋವರ್ಗೂ ಹೊತ್ತೈತೆ. ಹುಡುಕು.”

ಕನ್ನಡಕ ಒಡೆದಿರಲಿಲ್ಲ. ಬೀರುವಿನ ತಳದಲ್ಲಿ, ಹಳೆಯ ಸೀರೆಗಳ ಅಡಿಯಲ್ಲಿ, ಟವೆಲ್ಲಿನಲ್ಲಿ ಸುತ್ತಿ ದುರ್ಗಾಂಬಿಕಾಳೇ ಬಚ್ಚಿಟ್ಟಿದ್ದಳು. ಎರಡು ವರ್ಷದಿಂದ ಅದು ಅಲ್ಲೇ ಇತ್ತು.

*

ಆ ಕನ್ನಡಕದ ಹುಟ್ಟಿಗೆ ಕಾರಣ ದುರ್ಗಾಂಬಿಕಾಳ ಬಳೆ.

ಅವಳಿಗೆ ಆಗ ಆರು ವರ್ಷ. ಕೂಸಾಗಿದ್ದಾಗ ತೊಡಿಸಿದ ಪ್ಲಾಸ್ಟಿಕ್ ಬಳೆಗಳು, ಎರಡು ಕೆಂಪು, ಎರಡು ಹಸಿರು, ಅಂಗಡಿಯ ಮೇಜಿನ ಖಾನೆಯಲ್ಲಿ ಬಿದ್ದಿದ್ದವು. ಆ ಕಾಲಕ್ಕೆ ಹೊನ್ನಾಳಿಯಲ್ಲಿ ಕಣ್ಣು ನೋಡುವ ಡಾಕ್ಟರು ಇರಲಿಲ್ಲ. ತಿಂಗಳಿಗೊಮ್ಮೆ ಶಿಬಿರ ಆದರೆ ಆಯಿತು. ಸಾಸ್ವೆಹಳ್ಳಿಯಿಂದ, ಸೂಳೆಕೆರೆಯ ದಂಡೆಯಿಂದ ಜನ ಬಂದು ಮಧ್ಯಾಹ್ನದವರೆಗೆ ಸಾಲಿನಲ್ಲಿ ನಿಂತು ನಂಬರ್ ಬರೆಸಿಕೊಂಡು ಓಬಳಪ್ಪನ ಅಂಗಡಿಗೆ ಬರುತ್ತಿದ್ದರು. ಗ್ಲಾಸು ದಾವಣಗೆರೆಯಿಂದ ಬರಬೇಕು, ಹತ್ತು ದಿನ ಬಿಟ್ಟು ಬರ್ರಿ ಎಂದರೆ ಅರ್ಧಕ್ಕರ್ಧ ಜನ ತಿರುಗಿ ಬರುತ್ತಿರಲಿಲ್ಲ. ಅವರ ಕನ್ನಡಕಗಳು ಧೂಳು ತಿನ್ನುತ್ತ ಗೂಟದಲ್ಲಿ ನೇತಾಡುತ್ತಿದ್ದವು.

ಒಂದು ದಿನ ಚಹಾದ ಲೋಟ ಎತ್ತುವಾಗ ಪೇಪರಿನ ಮೇಲೆ ಒಂದು ಹನಿ ನೀರು ಬಿತ್ತು. ಹನಿಯ ಅಡಿಯಲ್ಲಿದ್ದ ಅಕ್ಷರ ದಪ್ಪಗಾಯಿತು. ಎಲ್ಲರೂ ನೋಡಿರುವುದೇ. ಆದರೆ ಓಬಳಪ್ಪ ಇನ್ನೊಂದು ಹನಿ ಸೇರಿಸಿದ. ಅಕ್ಷರ ಬೇರೆ ಥರ ಕಂಡಿತು. ಆವತ್ತು ಅಂಗಡಿಗೆ ಬಂದವರಿಗೆ ಮಾಲೀಕ ಸಿಕ್ಕಲಿಲ್ಲ. ಮೇಜಿನ ಮುಂದೆ ಹನಿ ಬಿಡುತ್ತ ಕೂತ ಒಬ್ಬ ಹುಚ್ಚ ಸಿಕ್ಕಿದ.

ಹುಚ್ಚು ಇಳಿಯಲು ನಾಲ್ಕು ತಿಂಗಳು ಹಿಡಿಯಿತು. ಮಗಳ ಬಳೆಯ ಎರಡೂ ಬದಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ ಬಿಗಿದು ಅಂಟಿಸಿದ. ಮಧ್ಯೆ ಗ್ಲಿಸರಿನ್ ತುಂಬಿದ. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಬಿಸಾಡಿದ ನಳಿಕೆಯಲ್ಲಿ ಒಂದು ಪುಟ್ಟ ಗಾಲಿ ಇರುತ್ತದಲ್ಲ, ತಿರುಗಿಸಿದರೆ ನಳಿಕೆ ಅಮುಕುವಂಥದ್ದು, ಅದನ್ನು ತಂದು ಕಿವಿಯ ಹತ್ತಿರ ಜೋಡಿಸಿದ. ಗಾಲಿ ಮುಂದಕ್ಕೆ ಹೋದರೆ ಎಣ್ಣೆ ಒಳಗೆ ಸರಿದು ಹಾಳೆ ಉಬ್ಬುತ್ತಿತ್ತು. ಹಿಂದಕ್ಕೆ ಬಂದರೆ ತಗ್ಗುತ್ತಿತ್ತು. ಡಾಕ್ಟರು ಬೇಡ, ನಂಬರ್ ಬೇಡ, ದಾವಣಗೆರೆ ಬೇಡ. ಹಾಕಿಕೊಂಡು ತಮಗೆ ಕಾಣುವ ತನಕ ತಿರುಗಿಸಿಕೊಂಡರೆ ಮುಗಿಯಿತು. ಇಂಥದ್ದನ್ನು ಎಲ್ಲೋ ಹೊರದೇಶದಲ್ಲಿ ಮೊದಲೇ ಯೋಚಿಸಿದ್ದಾರೆ ಎಂದು ಎಷ್ಟೋ ವರ್ಷದ ಮೇಲೆ ಯಾರೋ ಹೇಳಿದಾಗ ಅವನ ಮುಖ ಒಂದು ಗಳಿಗೆ ಇಳಿಯಿತು. “ಹಂಗಾದ್ರೆ ನಾನು ಮಾಡಿದ್ದು ಸರಿಯಾಗೇ ಐತೆ ಅಂತಾಯ್ತು,” ಎಂದು ನಕ್ಕುಬಿಟ್ಟ.

ಮೊದಲ ಜೋಡಿ ಹಾಕಿಕೊಂಡವಳು ಗಾದ್ರಮ್ಮ. ಒಂದು ಕಣ್ಣಿಗೆ ಕೆಂಪು ಬಳೆ, ಇನ್ನೊಂದಕ್ಕೆ ಹಸಿರು ಬಳೆ. ಮಗಳು ಬಿದ್ದು ಬಿದ್ದು ನಕ್ಕಳು.

ಓಬಳಪ್ಪ ಹೆಂಡತಿಯ ಕೈಗೆ ಸೂಜಿ, ದಾರ ಕೊಟ್ಟ. “ಪೋಣಿಸು ನೋಡಾಣ.”

ಗಾದ್ರಮ್ಮ ಗಾಲಿ ತಿರುಗಿಸಿದಳು. ಒಂದೇ ಸಲಕ್ಕೆ ದಾರ ಸೂಜಿಯ ಕಣ್ಣಲ್ಲಿ ನುಗ್ಗಿತು.

“ಕಾಣ್ತೈತೆ ಕಣ್ರೀ,” ಎಂದಳು. “ಚೆಂದಾಗಿ ಕಾಣ್ತೈತೆ.”

ಅಲ್ಲಿಂದ ಸೂಜಿಯೇ ಅವನ ಪರೀಕ್ಷೆಯಾಯಿತು. ಅಡಿಕೆ ಸುಲಿಯುವ ಹೆಂಗಸರಿಗೆ, ಸೂಳೆಕೆರೆಯಲ್ಲಿ ಬಲೆ ಹೆಣೆಯುವವರಿಗೆ, ಬೀಡಿ ಕಟ್ಟುವವರಿಗೆ ಕನ್ನಡಕ ಕೊಡುವಾಗ ಒಂದೊಂದು ಸೂಜಿಯನ್ನೂ ಕೊಡುತ್ತಿದ್ದ. “ವರ್ಷಕ್ಕೊಂದ್ಸಲ ದಾರ ಪೋಣಿಸಿ ನೋಡ್ರಿ. ಪೋಣಿಸಾಕೆ ಬಂದ್ರೆ ಕಣ್ಣು ಚೆನ್ನಾಗೈತೆ ಅಂತ. ಬರ್ಲಿಲ್ಲ ಅಂದ್ರೆ ಗಾಲಿ ಇನ್ನೊಂದು ಸುತ್ತು ತಿರುಗಿಸ್ರಿ.” ಹತ್ತಿರ ಹತ್ತಿರ ಇನ್ನೂರು ಜನರಿಗೆ ಹೀಗೆ ಹೇಳಿದ. ಹೇಳುವಾಗ ಅವನ ಮುಖದಲ್ಲಿ ಇರುತ್ತಿದ್ದ ಗೆಲುವನ್ನು ನೋಡಿದರೆ ಅನುಮಾನ ಪಡಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ.

ವರ್ಷಗಳು ಕಳೆದಂತೆ ಗಾದ್ರಮ್ಮ ಹೊಸ್ತಿಲು ಎಡವತೊಡಗಿದಳು. ಪಕ್ಕದಲ್ಲಿಟ್ಟ ಚೊಂಬು ಒದೆಯುತ್ತಿದ್ದಳು. “ಹಗಲು ಹೊತ್ತಲ್ಲೇ ಹಿಂಗಾ ನಿಂದು? ಮನಸ್ಸು ಎಲ್ಲಿ ಇಟ್ಟಿರ್ತಿ?” ಎಂದು ಓಬಳಪ್ಪ ಛೇಡಿಸುತ್ತಿದ್ದ. ಮಗಳೂ ನಗುತ್ತಿದ್ದಳು. ಯುಗಾದಿಗೊಮ್ಮೆ ಸೂಜಿ ಬರುತ್ತಿತ್ತು, ದಾರ ಪೋಣಿಸಿಕೊಳ್ಳುತ್ತಿತ್ತು, ಚೆಂದಾಗಿ ಕಾಣುತ್ತಿತ್ತು.

*

ಹತ್ತೂವರೆಗೆ ಹಳ್ಳಿಗಳ ಜನ ಬರತೊಡಗಿದರು. ಸೂಳೆಕೆರೆಯಿಂದ ಬಲೆ ಹೆಣೆಯುವ ಪರಶುರಾಮ್ ಬಂದ. ಸಾಸ್ವೆಹಳ್ಳಿಯಿಂದ ಅಡಿಕೆ ಸುಲಿಯುವ ಗುಂಪಿನ ಯಜಮಾನಿ ಸರ್ವಮಂಗಳಮ್ಮ ಆರು ಜನ ಹೆಂಗಸರನ್ನು ಕರೆದುಕೊಂಡು ಆಟೋದಲ್ಲಿ ಬಂದಳು. ಹೆಚ್ಚು ಕಡಿಮೆ ಎಲ್ಲರ ಮೂಗಿನ ಮೇಲೂ ಗಾಲಿ ಕನ್ನಡಕ. ಸತ್ತವನಿಗೆ ಮರ್ಯಾದೆ ಎಂದು ಹಾಕಿಕೊಂಡು ಬಂದಿದ್ದರೋ, ಇಲ್ಲದಿದ್ದರೆ ದಾರಿ ಕಾಣುವುದಿಲ್ಲವೋ, ಅಂತೂ ಪಡಸಾಲೆಯ ತುಂಬ ದಪ್ಪ ದಪ್ಪ ಕಣ್ಣುಗಳು.

“ದೇವ್ರಂಥ ಮನುಷ್ಯ,” ಎಂದಳು ಸರ್ವಮಂಗಳಮ್ಮ ಹೂವಿನ ಹಾರ ಹಾಕಿ. “ಹದಿನೆಂಟು ವರ್ಷ ಆತು ನಾನಿದನ್ನ ಹಾಕ್ಕೊಂಡು. ಒಂದಿನ ಬೆರಳು ಕುಯ್ಕಂಡಿಲ್ಲ.”

“ನಮ್ಮ ಕೇರಿಗೇ ಕಣ್ಣು ಕೊಟ್ಟೋರು,” ಎಂದ ಪರಶುರಾಮ್.

ಸಾವಿನ ಮನೆಯಲ್ಲಿ ಹೊಗಳಿಕೆ ಯಾವಾಗಲೂ ಧಾರಾಳ. ಆದರೆ ಇವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ದುರ್ಗಾಂಬಿಕಾಳಿಗೆ ತಡೆಯಲಾಗದ್ದು. ಒಳಮನೆಯಲ್ಲಿ ಒಬ್ಬಳು ಗೋಡೆ ತಡವುತ್ತ ಕೂತಿದ್ದಾಳೆ, ಇಲ್ಲಿ ಕಣ್ಣು ಕೊಟ್ಟವನೆಂದು ಹಾರ ಬೀಳುತ್ತಿದೆ.

ಹಾರ ಹಾಕಿ ತಿರುಗಿದ ಸರ್ವಮಂಗಳಮ್ಮನ ಕಾಲು ಬಲಕ್ಕಿದ್ದ ಹಿತ್ತಾಳೆ ಕೊಡಕ್ಕೆ ತಾಗಿತು. ಕೊಡ ಉರುಳಿ ನೀರು ಚೆಲ್ಲಿತು. “ಯಾರ್ರೀ ಇಲ್ಲಿ ಇಟ್ಟೋರು?” ಎನ್ನುತ್ತ ಪಕ್ಕಕ್ಕೆ ಸರಿದವಳು ಬಾಗಿಲ ಚೌಕಟ್ಟಿಗೆ ಭುಜ ಹೊಡೆದುಕೊಂಡಳು. ಬಾಗಿಲು ಅವಳ ಪಕ್ಕದಲ್ಲೇ ಇತ್ತು.

ದುರ್ಗಾಂಬಿಕಾ ನಿಂತಲ್ಲಿಂದ ಅದನ್ನು ನೋಡಿದಳು. ಆ ನಡಿಗೆ ಅವಳಿಗೆ ಗೊತ್ತು. ಹತ್ತು ವರ್ಷ ಮನೆಯಲ್ಲೇ ನೋಡಿ ನಕ್ಕ ನಡಿಗೆ ಅದು.

*

ಮೂರು ವರ್ಷದ ಹಿಂದೆ ಒಂದು ಟ್ರಸ್ಟಿನವರು ಹೊನ್ನಾಳಿಯಲ್ಲಿ ಕಣ್ಣಿನ ಕೇಂದ್ರ ತೆರೆದರು. ಡಾಕ್ಟರು ಇಲ್ಲಿರುವುದಿಲ್ಲ. ಬೆಂಗಳೂರಿನಲ್ಲಿ ಕೂತು ಅಲ್ಲಿಂದಲೇ ಇಲ್ಲಿಯ ಯಂತ್ರವನ್ನು ಆಡಿಸುತ್ತಾರೆ. ಗದ್ದ ಇಟ್ಟು ಕೂತ ಮನುಷ್ಯನ ಕಣ್ಣೆದುರು ಯಂತ್ರ ತನ್ನಷ್ಟಕ್ಕೆ ಹಿಂದೆ ಮುಂದೆ ಸರಿಯುತ್ತದೆ, ಬೆಳಕು ಬಿಡುತ್ತದೆ, ಕಣ್ಣಿನ ಒಳಗಿನದ್ದೆಲ್ಲ ಅಲ್ಲಿ ಪರದೆಯ ಮೇಲೆ ಕಾಣುತ್ತದೆ. ಬಂದವರನ್ನು ಕೂರಿಸಿ, “ಗದ್ದ ಇಡ್ರಿ, ಹಣೆ ಒತ್ರಿ, ಕದಲಬ್ಯಾಡ್ರಿ,” ಎನ್ನುವ ಕೆಲಸ ದುರ್ಗಾಂಬಿಕಾಳಿಗೆ ಸಿಕ್ಕಿತು. ದಿನಕ್ಕೆ ಐವತ್ತು ಗದ್ದ ಹಿಡಿಯುತ್ತಿದ್ದಳು. ಆದರೆ ಮನೆಯ ಗದ್ದ ಹಿಡಿಯಲು ಅವಳಿಗೆ ಒಂದು ವರ್ಷ ಬೇಕಾಯಿತು. “ನಿಮ್ಮಪ್ಪನ ಅಂಗಡಿ ಇಟ್ಕಂಡು ನಾನ್ಯಾಕೆ ಅಲ್ಲಿಗೆ ಬರ್ಲಿ?” ಎಂದು ಗಾದ್ರಮ್ಮ ಹೇಳಿದಾಗೆಲ್ಲ ಅವಳೂ ಆಯಿತು ಎಂದು ಸುಮ್ಮನಾಗಿದ್ದಳು.

ಒಲೆಯ ಮೇಲಿನ ಹಾಲಿಗೂ ಪಕ್ಕದ ಗೋಡೆಗೂ ವ್ಯತ್ಯಾಸ ತಿಳಿಯದೆ ಅವ್ವ ಕೈ ಸುಟ್ಟುಕೊಂಡ ದಿನ ಕೈ ಹಿಡಿದು ಎಳೆದುಕೊಂಡೇ ಹೋದಳು. ಓಬಳಪ್ಪನೂ ಹಿಂದೆಯೇ ಬಂದ. ಯಂತ್ರ ನೋಡಿ ಅವನಿಗೆ ಹೆಂಡತಿಯ ನೆನಪೇ ಹಾರಿಹೋಯಿತು.

“ಇದ್ರ ಗ್ಲಾಸು ಎಲ್ಲೈತೆ? ಹತ್ತಿರದ್ದು ದೂರದ್ದು ಹೆಂಗೆ ಹೊಂದಿಸ್ಕಂತೈತೆ?”

“ಒಳಗೆ ಎಣ್ಣೆ ಥರದ್ದು ಐತಂತೆ ಅಪ್ಪ. ಕರೆಂಟು ಕೊಟ್ರೆ ಉಬ್ತೈತೆ, ತಗ್ತೈತೆ. ಡಾಕ್ಟರು ಅಲ್ಲಿಂದ್ಲೇ ಮಾಡ್ತಾರೆ.”

ಓಬಳಪ್ಪನ ಕಣ್ಣು ಹೊಳೆಯಿತು. ಯಂತ್ರವನ್ನು ಒಂದು ಸುತ್ತು ಬಂದು, “ನೋಡ್ದೇನೇ, ನಮ್ದೇ ಐತೆ ಇದು! ಬಳೆ ಒಂದು ಇಲ್ಲ ಅಷ್ಟೇ!” ಎಂದು ಹೆಂಡತಿಯ ಬೆನ್ನು ತಟ್ಟಿದ. ದುರ್ಗಾಂಬಿಕಾ ಅಪ್ಪನನ್ನು ಅಷ್ಟು ಸಂತೋಷವಾಗಿ ನೋಡಿದ್ದು ಅದೇ ಕೊನೆ.

ಪರದೆಯ ಮೇಲೆ ಡಾಕ್ಟರ್ ಸಂಘಮಿತ್ರಾ ಗಾದ್ರಮ್ಮನ ಎರಡೂ ಕಣ್ಣನ್ನು ಮತ್ತೆ ಮತ್ತೆ ನೋಡಿದರು. ಯಂತ್ರ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು.

“ಇವರಿಗೆ ಎಷ್ಟು ವರ್ಷದಿಂದ ಹೀಗಿದೆ?” ಎಂದು ಕೇಳಿದರು. “ಗ್ಲಾಕೋಮಾ. ಕಣ್ಣಿನ ಒಳಗೆ ಒತ್ತಡ ಹೆಚ್ಚಾಗಿ ನರ ಒಣಗಿದೆ. ಮೊದಲು ಪಕ್ಕದ ನೋಟ ಹೋಗುತ್ತೆ, ನಡುವಿನದು ಕೊನೆಗೆ. ಅದಕ್ಕೇ ತಿಳಿಯೋದಿಲ್ಲ. ಹತ್ತು ವರ್ಷ ಮೊದಲು ಬಂದಿದ್ದರೆ ದಿನಾ ಎರಡು ಹನಿ ಔಷಧದಲ್ಲಿ ಉಳೀತಿತ್ತು. ಈಗ ಏನೂ ಮಾಡಕ್ಕಾಗಲ್ಲ.”

“ಇಲ್ಲ ಮೇಡಮ್ಮೋರೇ,” ಎಂದ ಓಬಳಪ್ಪ. “ನಿಮ್ ಯಂತ್ರದಲ್ಲಿ ಏನೋ ತಪ್ಪೈತೆ. ಈ ಯುಗಾದಿಗೂ ನನ್ನ ಮುಂದೇನೇ ದಾರ ಪೋಣಿಸಿದಾಳೆ.”

ಗಾದ್ರಮ್ಮ ಗದ್ದ ಎತ್ತದೆಯೇ ಹೇಳಿದಳು. “ಕಣ್ಣಲ್ಲಿ ಅಲ್ಲ ಕಣ್ರೀ. ನಾಲಿಗೇಲಿ. ಸೂಜಿ ತೂತು ನಾಲಿಗೆ ತುದೀಗೆ ಸಿಗ್ತೈತೆ. ಮೂರು ವರ್ಷದಿಂದ ಹಂಗೇ ಪೋಣಿಸ್ತಿದ್ದೆ.”

“ಯಾಕೆ ಹೇಳ್ಲಿಲ್ಲ?”

“ನೀವು ಅಷ್ಟು ಖುಷಿಯಾಗಿ ಕೇಳ್ತಿದ್ರಿ.”

ಪರದೆಯ ಮೇಲಿದ್ದ ಡಾಕ್ಟರು ಬೇರೆ ಕಡೆ ನೋಡಿದರು. ಹೊರಗೆ ಬಂದ ಮೇಲೆ ದುರ್ಗಾಂಬಿಕಾ ರಸ್ತೆಯಲ್ಲೇ ನಿಂತು ಅಪ್ಪನಿಗೆ ಹೇಳಿದಳು. “ನಿಮ್ಮ ಕೈಯಾರೆ ಅವ್ವನ ಕಣ್ಣು ತೆಗೆದ್ರಿ. ಇನ್ನು ನನ್ನ ಮಾತಾಡಿಸ್ಬ್ಯಾಡ್ರಿ.”

ಅವನು ಮಾತಾಡಿಸಲಿಲ್ಲ. ಮನೆಯಲ್ಲಿ ಮಾತೆಲ್ಲ ಗಾದ್ರಮ್ಮನ ಮೂಲಕ ನಡೆಯಿತು. “ಅವ್ವ, ಊಟಕ್ಕೆ ಬರಾಕೆ ಹೇಳು.” “ಅನ್ನ ಸಾಕು ಅಂತ ಹೇಳು ಅವಳಿಗೆ.” ಮೂರು ಜನ ಒಂದೇ ಕೋಣೆಯಲ್ಲಿ ಕೂತು ಉಣ್ಣುವಾಗಲೂ ಹಾಗೆಯೇ. ತಿಂಗಳೊಳಗೆ ಓಬಳಪ್ಪ ಅಂಗಡಿ ಮುಚ್ಚಿದ. ಬೆಳಿಗ್ಗೆ ಎದ್ದು ಚೀಲ ಹಿಡಿದು ಬಸ್ಸು ಹತ್ತತೊಡಗಿದ. ಅಂಗಡಿಯಲ್ಲಿ ಕೂತು ಮಾರಲು ನಾಚಿಕೆ, ಹಳ್ಳಿಯಲ್ಲಿ ಮಾರಲು ನಾಚಿಕೆಯಿಲ್ಲ ಎಂದುಕೊಂಡಳು ದುರ್ಗಾಂಬಿಕಾ. ಎಲ್ಲಿಗೆ ಹೋಗುತ್ತಾನೆಂದು ಒಮ್ಮೆಯೂ ಕೇಳಲಿಲ್ಲ.

*

“ಕಾಕಿ, ಇಲ್ಲಿ ಬರ್ರಿ,” ಎಂದು ದುರ್ಗಾಂಬಿಕಾ ಸರ್ವಮಂಗಳಮ್ಮನ ರಟ್ಟೆ ಹಿಡಿದು ಅಂಗಳದ ಮೂಲೆಗೆ ಕರೆದುಕೊಂಡು ಹೋದಳು. “ನಾಳೆ ಕೇಂದ್ರಕ್ಕೆ ಬರ್ರಿ. ನಾನೇ ಇರ್ತೀನಿ. ಕಣ್ಣು ತೋರಿಸ್ರಿ.”

“ನಂಗ್ಯಾಕವ್ವ? ಗಾಲಿ ತಿರುಗಿಸಿದ್ರೆ ಕಾಣ್ತೈತೆ.”

“ಕಾಣಲ್ಲ ಕಾಕಿ. ಕೊಡ ಕಾಣ್ಲಿಲ್ಲ ನಿಮ್ಗೆ. ಬಾಗಿಲು ಕಾಣ್ಲಿಲ್ಲ.”

ಸರ್ವಮಂಗಳಮ್ಮ ಅವಳನ್ನೇ ನೋಡಿದಳು. ಆಮೇಲೆ ಸಣ್ಣಗೆ ನಕ್ಕಳು. “ಅಪ್ಪಂದೇ ಮಾತು ನಿಂದೂ. ಹೋದ ವಾರ ಬಂದಾಗ ಅವ್ರೂ ಹಿಂಗೇ ಗಂಟುಬಿದ್ರು.”

“ಯಾರು?”

“ನಿಮ್ಮಪ್ಪ. ಕನ್ನಡಕ ವಾಪಸ್ ಕೊಡು, ಕೇಂದ್ರಕ್ಕೆ ಹೋಗು, ನನ್ನ ಮಗಳು ಅದಾಳೆ, ನೋಡ್ತಾಳೆ ಅಂತ. ಕಿವಿ ಪಕ್ಕ ಬೆರಳು ಆಡಿಸಿ ಕಾಣ್ತೈತಾ ಅಂದ್ರು. ನಾನೇನು ಕೋಳಿನಾ ಪಕ್ಕಕ್ಕೆ ನೋಡಾಕೆ ಅಂದೆ.” ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಮೂರು ಸಲ ಬಂದ್ರು ತಾಯಿ. ಕೊನೇ ಸಲ ಕೈ ಮುಗುದ್ರು. ನಂಗೆ ಸಿಟ್ಟು ಬಂತು. ಒಳಗಿಂದ ಸೂಜಿ ತಂದು ಅವ್ರ ಮುಂದೆ ದಾರ ಪೋಣಿಸಿ ತೋರಿಸ್ದೆ. ನೀವೇ ಕಲ್ಸಿದ್ದಲ್ವಾ ಯಜಮಾನ್ರೇ, ಪೋಣಿಸಾಕೆ ಬಂದ್ರೆ ಕಣ್ಣು ಚೆನ್ನಾಗೈತೆ ಅಂತ, ಅಂದೆ. ಸೂಜಿ ನೋಡ್ತಾ ನಿಂತ್ರು. ಚೀಲ ಎತ್ಕಂಡು ಹೋದ್ರು.”

ಕೇಳುತ್ತ ನಿಂತಿದ್ದ ಪರಶುರಾಮ್ ತಲೆ ತಗ್ಗಿಸಿದ. “ನಮ್ಮಲ್ಲಿಗೂ ಬಂದಿದ್ರು ಅಕ್ಕ. ಮಗಳ ಆಸ್ಪತ್ರೆಗೆ ಜನ ಸೇರ್ಸಾಕೆ ಬಂದಾನೆ ಮುದುಕ ಅಂತ ನಮ್ಮೋರು ಬೈದು ಕಳ್ಸಿದ್ರು. ನಾನೂ ಇದ್ದೆ ಅಲ್ಲೇ.”

ದುರ್ಗಾಂಬಿಕಾ ಒಳಗೆ ಹೋಗಿ ಬಾಗಿಲ ಹಿಂದಿನ ಚೀಲ ಎತ್ತಿಕೊಂಡು ಅವ್ವನ ಪಕ್ಕದಲ್ಲಿ ಸುರುವಿದಳು. ಹನ್ನೊಂದು ಕನ್ನಡಕ. ಒಂದೂ ಹೊಸದಲ್ಲ. ಗಾಲಿಗಳು ಸವೆದಿದ್ದವು, ಕಡ್ಡಿಗಳಿಗೆ ಬೆವರಿನ ಜಿಡ್ಡು ಅಂಟಿತ್ತು. ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿ ಅವನ ಗುಂಡಗಿನ ಅಕ್ಷರದಲ್ಲಿ ಹೆಸರು, ಊರು ಬರೆದಿತ್ತು. ಕೆಳಗೆ ಒಂದೇ ಮಾತು: ‘ಪಕ್ಕದ ನೋಟ ನೋಡಿಸಬೇಕು.’ ಎರಡು ವರ್ಷ ಅಲೆದದ್ದಕ್ಕೆ ಇನ್ನೂರರಲ್ಲಿ ಹನ್ನೊಂದು ಸಿಕ್ಕಿದ್ದವು.

ಗಾದ್ರಮ್ಮನ ಬೆರಳುಗಳು ಅವುಗಳ ಮೇಲೆ ಆಡಿದವು. ಒಂದೊಂದಾಗಿ ಎಣಿಸಿದಳು.

“ನಿನ್ನೆ ಒಂದು ಸಿಕ್ಕೈತೆ ಹಂಗಾದ್ರೆ,” ಎಂದಳು. “ಮೊನ್ನೆ ಹತ್ತೇ ಇದ್ವು.”

“ನಿಂಗೆ ಗೊತ್ತಿತ್ತಾ ಅವ್ವ?”

“ದಿನಾ ಬಂದು ನನ್ನ ಹತ್ರ ಹೇಳ್ತಿದ್ರು. ನಿಂಗೆ ಹೇಳ್ಬ್ಯಾಡ ಅಂದಿದ್ರು. ಎಲ್ಲಾ ವಾಪಸ್ ತಂದು ಮಗಳ ಮುಂದೆ ಸುರೀತೀನಿ, ಆಮೇಲೆ ಮಾತಾಡಿಸ್ತೀನಿ, ಅಂತಿದ್ರು.”

“ನೀನಾದ್ರೂ ಹೇಳ್ಬಾರ್ದಿತ್ತಾ?”

“ನೀನಾದ್ರೂ ಕೇಳ್ಬಾರ್ದಿತ್ತಾ?” ಗಾದ್ರಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅದು ಚುಚ್ಚಿತು. “ನಮ್ಮನೇಲಿ ಎಲ್ರಿಗೂ ಒಂದೇ ರೋಗ ಕಣವ್ವ. ನಾನು ಕಾಣಲ್ಲ ಅಂತ ಹೇಳ್ಲಿಲ್ಲ. ಅವ್ರು ಎಲ್ಲಿಗೆ ಹೋಗ್ತೀನಿ ಅಂತ ಹೇಳ್ಲಿಲ್ಲ. ನೀನು ಕೇಳ್ಲಿಲ್ಲ.”

ದುರ್ಗಾಂಬಿಕಾಳಿಗೆ ಅಳು ಆಗ ಬಂತು. ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯಲಿಲ್ಲ. ಎರಡು ವರ್ಷ ಅಪ್ಪನ ತಟ್ಟೆಗೆ ಅನ್ನ ಬಡಿಸಿದ್ದಳು, ಕಾಯಿಲೆ ಬಿದ್ದಾಗ ಮಾತ್ರೆ ತಂದು ಪಕ್ಕದಲ್ಲಿಟ್ಟಿದ್ದಳು, ಒಂದೇ ಒಂದು ಮಾತು ಮಾತ್ರ ಕೊಟ್ಟಿರಲಿಲ್ಲ. ಅವಳು ಕೈ ಹಿಡಿದು ಕರೆದು ತಂದಿದ್ದರೆ ಜನ ಬರುತ್ತಿದ್ದರು. ಕೇಂದ್ರದ ಬಿಳಿ ಕೋಟು ಹಾಕಿಕೊಂಡು ಅಪ್ಪನ ಪಕ್ಕ ಒಂದು ದಿನ ನಿಂತಿದ್ದರೆ ಸಾಕಿತ್ತು. ಅವನೊಬ್ಬನೇ ಕೈ ಮುಗಿಯುತ್ತ ಅಲೆದ, ಅವನದೇ ಸೂಜಿ ತೋರಿಸಿ ಅವನನ್ನು ಓಡಿಸಿದರು.

ಹೊರಗೆ ಟೆಂಪೊ ನಿಂತ ಸದ್ದಾಯಿತು. ಜಗಳೂರಿನವರು ಬಂದರು. ಹೆಂಗಸರು ಎದೆ ಬಡಿದುಕೊಳ್ಳುತ್ತ ಒಳಗೆ ನುಗ್ಗಿದರು.

“ಹೊತ್ತಾತು,” ಎಂದ ಮಾರಪ್ಪ ಬಾಗಿಲಲ್ಲಿ ನಿಂತು. “ಅವ್ರು ನೋಡಿದ್ದಾತು. ಅತ್ಗೆನ ಕರ್ಕೊಂಡು ಬಾ ಮಗಳೇ. ಮುಖ ನೋಡಿ ಮುಸುಕು ಹಾಕಾಣ.”

“ಕನ್ನಡಕ,” ಎಂದಳು ಗಾದ್ರಮ್ಮ.

ದುರ್ಗಾಂಬಿಕಾ ಬೀರು ತೆರೆದು ಸೀರೆಗಳ ಅಡಿಯಿಂದ ಟವೆಲ್ ಹೊರಗೆಳೆದಳು. ಒಂದು ಕಣ್ಣಿಗೆ ಕೆಂಪು ಬಳೆ, ಇನ್ನೊಂದಕ್ಕೆ ಹಸಿರು ಬಳೆ. ಎಣ್ಣೆ ಹಳದಿ ತಿರುಗಿ ಹಾಳೆ ಮಬ್ಬಾಗಿತ್ತು. ಕಣ್ಣಿದ್ದವರಿಗೂ ಅದರಲ್ಲಿ ಏನೂ ಕಾಣುವಂತಿರಲಿಲ್ಲ. ಅವ್ವನ ಕಿವಿಗೆ ಕಡ್ಡಿ ಸಿಕ್ಕಿಸಿ, ಕೈ ಹಿಡಿದು ಪಡಸಾಲೆಗೆ ಕರೆತಂದು ಅಪ್ಪನ ಎದುರು ಮಣೆಯ ಮೇಲೆ ಕೂರಿಸಿದಳು.

ಗೋಳಾಟ ನಿಂತಿತು. ಗಾದ್ರಮ್ಮ ಮುಂದಕ್ಕೆ ಬಾಗಿದಳು. ಹೆಬ್ಬೆರಳಿನಿಂದ ಗಾಲಿಯನ್ನು ಒಂದು ಸ್ವಲ್ಪ ತಿರುಗಿಸಿದಳು, ನೋಡಿದಳು, ಇನ್ನೂ ಸ್ವಲ್ಪ ತಿರುಗಿಸಿದಳು. ಅವಳ ಮುಖ ಓಬಳಪ್ಪನ ಕಡೆ ಇರಲಿಲ್ಲ. ಅವನ ಭುಜದ ಆಚೆ, ಊದುಬತ್ತಿ ಚುಚ್ಚಿದ್ದ ಬಾಳೆಹಣ್ಣಿನ ಕಡೆ ಇತ್ತು. ಜಗಳೂರಿನ ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಮಾರಪ್ಪ ಕೈಯಲ್ಲಿದ್ದ ಬಿಳಿ ಬಟ್ಟೆಯನ್ನು ಸುಮ್ಮನೆ ಮಡಿಸುತ್ತ ಬಿಚ್ಚುತ್ತ ನಿಂತ.

ದುರ್ಗಾಂಬಿಕಾ ಅವ್ವನ ಹಿಂದೆ ಮಂಡಿಯೂರಿ ಕೂತಳು. ಎಡಗೈಯನ್ನು ಅವಳ ಗದ್ದದ ಕೆಳಗೆ ಇಟ್ಟಳು, ಬಲಗೈಯನ್ನು ಹಣೆಗೆ ಒತ್ತಿದಳು. ಮುಖವನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿ ಅಪ್ಪನ ಮುಖಕ್ಕೆ ನೇರ ತಂದು ನಿಲ್ಲಿಸಿದಳು.

“ಗದ್ದ ಇಡವ್ವ,” ಎಂದಳು. “ಕದಲಬ್ಯಾಡ.”

ಗಾದ್ರಮ್ಮ ಕದಲಲಿಲ್ಲ. ಗಾಲಿ ತಿರುಗಿ ತಿರುಗಿ ಕೊನೆಗೆ ಬಂದು ನಿಂತಿತು. ಅದಕ್ಕಿಂತ ಮುಂದೆ ಹೋಗಲು ಜಾಗವಿರಲಿಲ್ಲ.

“ಕಾಣ್ತೈತೆ ಕಣ್ರೀ,” ಎಂದಳು ಗಂಡನಿಗೆ. “ಚೆಂದಾಗಿ ಕಾಣ್ತೈತೆ.”

ಮಾರಪ್ಪ ಬಟ್ಟೆ ಬಿಡಿಸಿ ಮುಂದೆ ಬಂದ. ಮುಸುಕು ಬೀಳುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳೋಣ ಎಂದು ಹಿಂದೆ ನಿಂತಿದ್ದವರೆಲ್ಲ ಕತ್ತು ಚಾಚಿದರು. ಸರ್ವಮಂಗಳಮ್ಮನ ಕೈ ಕಿವಿಯ ಹತ್ತಿರ ಹೋಯಿತು. ಪರಶುರಾಮನ ಕೈ ಹೋಯಿತು. ಸಾಸ್ವೆಹಳ್ಳಿಯ ಆರು ಹೆಂಗಸರ ಕೈಗಳೂ ಒಂದೊಂದಾಗಿ ಮೇಲೆ ಹೋದವು. ನಿಶ್ಶಬ್ದವಾಗಿದ್ದ ಪಡಸಾಲೆಯಲ್ಲಿ, ಓಬಳಪ್ಪನನ್ನು ಸ್ಪಷ್ಟವಾಗಿ ನೋಡಲು, ಎಲ್ಲರೂ ಗಾಲಿ ತಿರುಗಿಸುತ್ತಿದ್ದ ಸಣ್ಣ ಸದ್ದು ಕೇಳಿಸಿತು.